ವಿಂಚ್ ಹಗ್ಗ ಬದಲಿಸುವ ಮೊದಲು ಫೇರ್‌ಲೀಡ್ ಮುಟ್ಟಿ ನೋಡಿ

ಪ್ರಶ್ನೆ: ನಮ್ಮದು ತಾಳಿಕೋಟೆ ಹತ್ತಿರದ ಹಳ್ಳಿ. ಹೊಲವೆಲ್ಲ ಡೋಣಿ ದಂಡೆಯ ಎರೆಮಣ್ಣು. ನನ್ನ ಥಾರ್ ಗಾಡಿಗೆ 9,500 ಪೌಂಡ್‌ನ ವಿಂಚ್ (ಹೂತ ಗಾಡಿಯನ್ನು ಹಗ್ಗದಿಂದ ಎಳೆದು ತೆಗೆಯುವ ಮೋಟಾರ್ ಯಂತ್ರ) ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕಿದೆ. ಅದರಲ್ಲಿ 8 ಮಿ.ಮೀ. ತಂತಿ ಹಗ್ಗ ಇದೆ, ಮುಂದೆ ನಾಲ್ಕು ರೋಲರ್‌ಗಳ ಫೇರ್‌ಲೀಡ್ (ಹಗ್ಗ ಹೊರಗೆ ಬರುವ ಬಾಯಿ) ಇದೆ. ತಂತಿ ಎರಡು ಕಡೆ ಮುರುಟಿದೆ. ಗೆಳೆಯರು ಸಿಂಥೆಟಿಕ್ ಹಗ್ಗ ಹಾಕಿಸು ಅನ್ನುತ್ತಾರೆ. ಅಂಗಡಿಯವರು, ರೋಲರ್ ಹಾಗೇ ಇರಲಿ, ಹಗ್ಗ ಬದಲಿಸಿದರೆ ಸಾಕು ಅನ್ನುತ್ತಾರೆ. ಮಳೆಗಾಲದಲ್ಲಿ ಖಾನಾಪುರ ಕಡೆಗೂ ಹೋಗುತ್ತೇವೆ. ವರ್ಷಕ್ಕೆ ಒಂದೆರಡು ಸಲ ಹೊಲದಲ್ಲಿ ಜಾಲಿ ಬೊಡ್ಡೆ ಎಳೆಯುವ ಕೆಲಸವೂ ಇರುತ್ತದೆ. ಯಾವ ಹಗ್ಗ, ಎಷ್ಟು ದಪ್ಪ, ಯಾವ ಫೇರ್‌ಲೀಡ್ ತಗೊಳ್ಳಲಿ?

ಉತ್ತರ: ಹಗ್ಗ ಒಂದನ್ನೇ ಬದಲಿಸಬೇಡಿ. ಹಗ್ಗ, ಫೇರ್‌ಲೀಡ್ ಎರಡೂ ಒಂದು ಜೋಡಿ. ಬದಲಿಸಿದರೆ ಎರಡನ್ನೂ ಒಟ್ಟಿಗೆ ಬದಲಿಸಿ. ನಿಮಗೆ ನಾನು ಹೇಳುವುದು 10 ಮಿ.ಮೀ. ದಪ್ಪ, 26ರಿಂದ 28 ಮೀಟರ್ ಉದ್ದದ ಒಳ್ಳೆಯ ಸಿಂಥೆಟಿಕ್ ಹಗ್ಗ. ಅದರ ಮುಂದೆ ರೋಲರ್ ಇಲ್ಲದ, ಅಂಚು ಚೆನ್ನಾಗಿ ಗುಂಡಗಿರುವ ಹಾಸ್ ಫೇರ್‌ಲೀಡ್. ಬೊಡ್ಡೆಯ ವಿಷಯ ಬೇರೆ, ಅದನ್ನು ಆಮೇಲೆ ಹೇಳುತ್ತೇನೆ. ಮುರುಟಿದ ಆ ತಂತಿ ಹಗ್ಗವನ್ನಂತೂ ಇವತ್ತೇ ಬಿಚ್ಚಿಡಿ. ಸುತ್ತಿಗೆಯಿಂದ ಬಡಿದು ನೆಟ್ಟಗೆ ಮಾಡಿದರೂ ಆ ಜಾಗಕ್ಕೆ ಮೊದಲಿನ ಬಲ ಬರುವುದಿಲ್ಲ.

ರೋಲರ್ ಹಾಗೇ ಇರಲಿ ಅನ್ನುವ ಮಾತನ್ನು ಒಂದು ಕಾಲಕ್ಕೆ ನಾನೂ ನಂಬಿದ್ದೆ. ಬೆಳಗಾವಿಯ ಉದ್ಯಮಬಾಗದಲ್ಲಿರುವ ನನ್ನ ಗ್ಯಾರೇಜಿನ ಗೋಡೆಗೆ ಗೇಣುದ್ದದ ಹಗ್ಗದ ತುಂಡೊಂದನ್ನು ನೇತು ಹಾಕಿದ್ದೇನೆ. ಒಂದು ತುದಿ ಕತ್ತರಿಯಿಂದ ಕತ್ತರಿಸಿದ್ದು. ಇನ್ನೊಂದು ತುದಿ ಒಡೆದ ಹತ್ತಿಕಾಯಿಯ ಹಾಗೆ ಅರಳಿಕೊಂಡಿದೆ. ಹತ್ತಿರದಿಂದ ನೋಡಿದರೆ ಎಲ್ಲ ಎಳೆಗಳೂ ಒಂದೇ ಥರ ಹರಿದಿಲ್ಲ ಅನ್ನುವುದು ಕಾಣುತ್ತದೆ. ಅರ್ಧದಷ್ಟು ಎಳೆಗಳು ಚಿಕ್ಕದಾಗಿ, ನೀಟಾಗಿ, ಬ್ಲೇಡ್ ತಾಗಿದ ಹಾಗೆ ತುಂಡಾಗಿವೆ. ಉಳಿದವು ಉದ್ದಕ್ಕೆ ಎಳೆದುಕೊಂಡು ಹರಿದಿವೆ. ಅಂದರೆ ಅರ್ಧ ಹಗ್ಗ ಮೊದಲೇ ಕತ್ತರಿಸಿ ಹೋಗಿತ್ತು, ಇನ್ನರ್ಧ ಭಾರ ತಡೆಯಲಾರದೆ ಹರಿಯಿತು.

ಅದು ಹರಿದದ್ದು ಜಾಂಬೋಟಿ ಆಚೆ, ಒಂದು ತೋಟದ ದಾರಿಯಲ್ಲಿ. ಜುಲೈ ತಿಂಗಳ ಮಳೆ, ಕೆಂಪು ಕೆಸರು. ಹಗ್ಗ ಹೊಸದು, ನಾನೇ ಹಾಕಿದ್ದು. ರೋಲರ್ ಹಳೆಯದು, ಐದಾರು ವರ್ಷ ತಂತಿ ಹಗ್ಗ ಓಡಾಡಿದ್ದು. ಮೂರನೇ ಸಲ ಎಳೆಯುವಾಗ ಟಪ್ ಅಂತ ಹೋಯಿತು. ಹಗ್ಗದ ಮೇಲೆ ಒದ್ದೆ ಕಂಬಳಿ ಹಾಕಿದ್ದೆವು, ಬಾನೆಟ್ ಎತ್ತಿದ್ದೆವು, ಜನರನ್ನು ದೂರ ನಿಲ್ಲಿಸಿದ್ದೆವು. ಹಾಗಾಗಿ ಯಾರಿಗೂ ಏನೂ ಆಗಲಿಲ್ಲ. ಗ್ಯಾರೇಜಿಗೆ ಬಂದು ಕೆಳಗಿನ ರೋಲರ್ ಮೇಲೆ ಹೆಬ್ಬೆರಳಿನ ಉಗುರು ಎಳೆದೆ. ಕಣ್ಣಿಗೆ ಕಾಣದ ಗೀರುಗಳು ಉಗುರಿಗೆ ಸಿಕ್ಕವು. ಒಂದು ಗೀರಿನ ಅಂಚು ಉಗುರನ್ನೇ ಕೆರೆಯಿತು.

ನೀವು ಹತ್ತಿ ನಾಡಿನವರು, ಪರೀಕ್ಷೆಗೆ ಬೇಕಾದ ಸಾಮಾನು ನಿಮ್ಮ ಮನೆಯಲ್ಲೇ ಇದೆ. ಒಂದು ಹಿಡಿ ಹತ್ತಿ ತಗೊಳ್ಳಿ. ಫೇರ್‌ಲೀಡಿನ ಒಳ ಅಂಚು, ಹೊರ ಅಂಚು, ಮೂಲೆ ಎಲ್ಲ ಕಡೆ ಮೆಲ್ಲಗೆ ಒತ್ತಿ ಎಳೆಯಿರಿ. ಒಂದು ಎಳೆಯೂ ಅಂಟಿಕೊಳ್ಳಬಾರದು. ಎಳೆ ಅಂಟಿದ ಜಾಗದಲ್ಲೇ ಹಗ್ಗವೂ ಹರಿಯುತ್ತದೆ. ಹಾಗೆ ಅಂಟಿದರೆ 400 ನಂಬರಿನ ಪಾಲಿಶ್ ಪೇಪರಿನಿಂದ ಉಜ್ಜಿ, ಆಮೇಲೆ ಇನ್ನೂ ನಯವಾದದ್ದರಿಂದ ಉಜ್ಜಿ, ಮತ್ತೆ ಹತ್ತಿ ಎಳೆದು ನೋಡಿ. ಹಗ್ಗ ಸುತ್ತಿಕೊಳ್ಳುವ ವಿಂಚಿನ ಡ್ರಮ್ಮಿಗೂ, ಅದರ ಎರಡೂ ಬದಿಯ ಒಳಮುಖಕ್ಕೂ ಇದನ್ನೇ ಮಾಡಿ. ನಿಮ್ಮ ಡ್ರಮ್ ಮೇಲೆ ಇಷ್ಟು ದಿನ ತಂತಿಯೇ ಓಡಿದೆ. ಅಲ್ಲೂ ಮುಳ್ಳು ಎದ್ದಿರುತ್ತದೆ. ಈ ಕೆಲಸವನ್ನು ಬಹಳ ಜನ ಬಿಟ್ಟುಬಿಡುತ್ತಾರೆ.

ರೋಲರಿನ ಇನ್ನೊಂದು ತೊಂದರೆ ಮೂಲೆಯಲ್ಲಿದೆ. ನಿಂತ ರೋಲರ್, ಮಲಗಿದ ರೋಲರ್ ಸೇರುವಲ್ಲಿ ಒಂದು ಸಂದು ಇರುತ್ತದೆ. ತಂತಿ ಗಟ್ಟಿ, ಅದರೊಳಗೆ ಹೋಗುವುದಿಲ್ಲ. ಸಿಂಥೆಟಿಕ್ ಹಗ್ಗ ಮೆತ್ತಗಿರುತ್ತದೆ, ಭಾರ ಬಿದ್ದಾಗ ಚಪ್ಪಟೆಯಾಗುತ್ತದೆ. ಓರೆಯಾಗಿ ಎಳೆದರೆ ಆ ಸಂದಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ.

ಇದರ ಉಲ್ಟಾ ಕೂಡ ಅಷ್ಟೇ ತಪ್ಪು. ಅಲ್ಯೂಮಿನಿಯಂ ಹಾಸ್ ಹಾಕಿ ಅದರಲ್ಲಿ ತಂತಿ ಹಗ್ಗ ಓಡಿಸಬೇಡಿ. ಹಳೇ ಬಾವಿಕಟ್ಟೆಯ ಕಲ್ಲಿನಲ್ಲಿ ಹಗ್ಗ ತಾಗಿ ಗೀರು ಬಿದ್ದಿರುವುದನ್ನು ನೋಡಿರುತ್ತೀರಿ ಅಲ್ವಾ? ನಾರಿನ ಹಗ್ಗಕ್ಕೆ ಕಲ್ಲೇ ಸವೆಯುತ್ತದೆ. ಉಕ್ಕಿನ ತಂತಿಗೆ ಅಲ್ಯೂಮಿನಿಯಂ ಬೇಗನೇ ಸವೆಯುತ್ತದೆ. ಒಂದು ಸಲ ಗೀರು ಬಿದ್ದ ಹಾಸ್ ಮುಂದೆ ಸಿಂಥೆಟಿಕ್ ಹಗ್ಗಕ್ಕೆ ಗರಗಸ ಇದ್ದಂತೆ.

ಈಗ ಭಾರದ ಲೆಕ್ಕ. ನಿಮ್ಮ ಊರಿನ ಮಣ್ಣಿಗೆ ಇದು ಬಹಳ ಮುಖ್ಯ. 9,500 ಪೌಂಡ್ ಅಂದರೆ 4,309 ಕೆ.ಜಿ. ಇದು ಡ್ರಮ್ ಮೇಲೆ ಮೊದಲ ಪದರ ಮಾತ್ರ ಉಳಿದಿರುವಾಗ ಸಿಗುವ ಬಲ. ಪದರ ಏರಿದ ಹಾಗೆ ಬಲ ಇಳಿಯುತ್ತದೆ. ನಾಲ್ಕನೇ ಪದರಕ್ಕೆ ಬರುವಷ್ಟರಲ್ಲಿ ಮೂರರಲ್ಲಿ ಎರಡು ಪಾಲು ಅಥವಾ ಅದಕ್ಕೂ ಕಡಿಮೆ ಉಳಿಯುತ್ತದೆ. ಗಾಡಿಯ ತುಂಬಿದ ತೂಕದ ಒಂದೂವರೆ ಪಟ್ಟು ವಿಂಚ್ ಬೇಕು ಅನ್ನುವುದು ವಾಡಿಕೆ. ನಿಮ್ಮ ಗಾಡಿ ಜನ, ಸಾಮಾನು ಸೇರಿ 2,200 ಕೆ.ಜಿ. ಅಂತ ಹಿಡಿಯೋಣ. ಒಂದೂವರೆ ಪಟ್ಟು ಅಂದರೆ 3,300. ವಿಂಚ್ ಸಾಕು ಅನ್ನಿಸುತ್ತದೆ.

ಆದರೆ ಎರೆಮಣ್ಣು ಈ ವಾಡಿಕೆಯನ್ನು ಕೇಳುವುದಿಲ್ಲ. ಡೋಣಿ ಬೆಳೆದರೆ ಓಣೆಲ್ಲ ಕಾಳು ಅಂತ ಹಿರಿಯರು ಹೊಗಳಿದ ಮಣ್ಣು ಅದು. ನೀರು ಹಿಡಿದುಕೊಳ್ಳುವ ಗುಣ ಇರುವುದರಿಂದಲೇ ಬೆಳೆ ಬರುತ್ತದೆ. ಅದೇ ಗುಣ ಗಾಡಿಗೆ ಕಷ್ಟ. ನೀರು ಕುಡಿದು ಉಬ್ಬುತ್ತದೆ, ಟೈರಿನ ಹಲ್ಲುಗಳೆಲ್ಲ ತುಂಬಿ ನುಣ್ಣಗಾಗುತ್ತವೆ, ಚಾಸಿಯನ್ನು ಕೆಳಗಿನಿಂದ ಹಿಡಿದುಕೊಳ್ಳುತ್ತದೆ. ಗಾಡಿ ಎತ್ತುವವರು ಬಳಸುವ ಅಂದಾಜು ಹೀಗಿದೆ: ಚಕ್ರ ಹಬ್ ತನಕ ಹೂತಿದ್ದರೆ ಗಾಡಿಯ ತೂಕದಷ್ಟೇ ಬಲ ಬೇಕು. ಮಡ್‌ಗಾರ್ಡ್ ತನಕ ಹೂತಿದ್ದರೆ ಎರಡು ಪಟ್ಟು ಬೇಕು. ನಿಮ್ಮ ಗಾಡಿಗೆ ಅದು 4,400 ಕೆ.ಜಿ. ವಿಂಚಿನ ಪೂರ್ತಿ ಬಲಕ್ಕಿಂತಲೂ ಜಾಸ್ತಿ ಆಯಿತು ನೋಡಿ.

ಅದಕ್ಕೇ ಹಗ್ಗದ ಜೊತೆಗೆ ಒಂದು ಪುಲ್ಲಿ ತಗೊಳ್ಳಿ. ಹಗ್ಗ ಪುಲ್ಲಿ ಸುತ್ತಿ ಮರಳಿ ಗಾಡಿಗೇ ಬಂದರೆ ಬಲ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ, ವೇಗ ಅರ್ಧವಾಗುತ್ತದೆ. ಹಗ್ಗ ಜಾಸ್ತಿ ಹೊರಗೆ ಬರುವುದರಿಂದ ಡ್ರಮ್ ಮೇಲೆ ಪದರವೂ ಕಡಿಮೆ ಉಳಿಯುತ್ತದೆ. ಪುಲ್ಲಿ ಕಟ್ಟಿದ ಜಾಗಕ್ಕೆ ಮಾತ್ರ ದುಪ್ಪಟ್ಟು ಭಾರ ಬೀಳುತ್ತದೆ, ಅಲ್ಲಿ ಕಟ್ಟುವ ಅಗಲ ಪಟ್ಟಿಯೂ ಶ್ಯಾಕಲ್ಲೂ (ಪಿನ್ ಇರುವ ಯು ಆಕಾರದ ಕೊಂಡಿ) ಅಷ್ಟನ್ನು ತಡೆಯುವಂತಿರಲಿ. ಎಳೆಯುವ ಮೊದಲು ಚಕ್ರದ ಮುಂದಿನ ಮಣ್ಣನ್ನು ಸಲಿಕೆಯಿಂದ ಇಳಿಜಾರಾಗಿ ತೆಗೆಯಿರಿ. ಹತ್ತು ನಿಮಿಷದ ಈ ಕೆಲಸದಿಂದ ಹಗ್ಗಕ್ಕೆ ಎಷ್ಟೋ ಭಾರ ಇಳಿಯುತ್ತದೆ.

ಹಗ್ಗದ ದಪ್ಪಕ್ಕೆ ಬರೋಣ. 8 ಮಿ.ಮೀ. ತಂತಿ ಹಗ್ಗ ಹೊಸದಿದ್ದಾಗಲೇ ಸುಮಾರು ನಾಲ್ಕೂವರೆ ಟನ್‌ಗೆ ಹರಿಯುತ್ತದೆ. ವಿಂಚಿನ ಬಲವೇ 4.3 ಟನ್. ನಡುವೆ ಅಂತರವೇ ಇಲ್ಲ. ಒಳ್ಳೆಯ 10 ಮಿ.ಮೀ. ಸಿಂಥೆಟಿಕ್ ಹಗ್ಗ ಎಂಟು ಟನ್ ಆಸುಪಾಸಿನಲ್ಲಿ ಹರಿಯುತ್ತದೆ. ಮುಂದೆ ಸವೆದು, ಬಿಸಿಲಿಗೆ ಸೊರಗಿ ಬಲ ಸ್ವಲ್ಪ ಇಳಿದರೂ ಅಂತರ ಉಳಿದಿರುತ್ತದೆ. ತೂಕದಲ್ಲೂ ಬಹಳ ವ್ಯತ್ಯಾಸ. 28 ಮೀಟರ್ ತಂತಿ ಸುಮಾರು ಏಳು ಕೆ.ಜಿ., ಅಷ್ಟೇ ಉದ್ದದ ಸಿಂಥೆಟಿಕ್ ಹಗ್ಗ ಸುಮಾರು ಒಂದೂವರೆ ಕೆ.ಜಿ. ಮೊಣಕಾಲುದ್ದ ಎರೆಮಣ್ಣಿನಲ್ಲಿ ಹಗ್ಗ ಹೊತ್ತು ನಡೆಯುವವರಿಗೆ ಇದರ ಬೆಲೆ ಗೊತ್ತು. ಹರಿದರೂ ಹಗುರ ಹಗ್ಗ ತಂತಿಯಷ್ಟು ರಭಸದಿಂದ ಬಡಿಯುವುದಿಲ್ಲ. ಆದರೆ ಅದರ ತುದಿಗೆ ಕಬ್ಬಿಣದ ಹುಕ್ ಇದೆ ಅನ್ನುವುದನ್ನು ಮರೆಯಬೇಡಿ. ಕಂಬಳಿ ಹಾಕುವುದು, ಹಗ್ಗದ ಉದ್ದಕ್ಕಿಂತ ದೂರ ಜನರನ್ನು ನಿಲ್ಲಿಸುವುದು, ಎರಡೂ ಇದಕ್ಕೂ ಬೇಕು.

ಇನ್ನೂ ಉದ್ದದ ಹಗ್ಗ ಹಾಕಿಸೋಣ ಅಂತ ಆಸೆಪಡಬೇಡಿ. 8 ಮಿ.ಮೀ. ತಂತಿ ಇದ್ದ ಡ್ರಮ್ಮಿಗೆ 10 ಮಿ.ಮೀ. ಹಗ್ಗ ಹಾಕಿದರೆ ಜಾಗ ಬೇಗ ತುಂಬುತ್ತದೆ. ಪೂರ್ತಿ ಸುತ್ತಿದ ಮೇಲೂ ಡ್ರಮ್ಮಿನ ಅಂಚು ಒಂದು ಬೆರಳು ಮೇಲಿರಬೇಕು. ಜಾಸ್ತಿ ಉದ್ದ ಬೇಕಾದರೆ ಬೇರೆ ತುಂಡು ಹಗ್ಗವನ್ನು ಡಿಕ್ಕಿಯಲ್ಲಿಟ್ಟುಕೊಳ್ಳಿ.

ಕೊಳ್ಳುವಾಗ ಮೋಸ ಹೋಗುವುದು ಇಲ್ಲೇ. ಅಂಗಡಿಯಲ್ಲಿ ಸಿಂಥೆಟಿಕ್ ಅಂದರೆ ನೈಲಾನ್, ಪಾಲಿಯೆಸ್ಟರ್, ಪಾಲಿಪ್ರೊಪಿಲೀನ್ ಎಲ್ಲವೂ ಬರುತ್ತವೆ. ನಿಮಗೆ ಬೇಕಾದದ್ದು ಎಚ್‌ಎಂಪಿಇ ಎಂಬ ಎಳೆಯಿಂದ ಹೆಣೆದ, 12 ಎಳೆಗಳ ಹಗ್ಗ. ಡೈನೀಮಾ, ಸ್ಪೆಕ್ಟ್ರಾ ಅನ್ನುವುದು ಆ ಎಳೆಯ ಕಂಪನಿ ಹೆಸರುಗಳು. ಈ ಎಳೆ ನೀರಿಗಿಂತ ಹಗುರ. ಅಂಗಡಿಯಲ್ಲಿ ಒಂದು ಎಳೆ ಕೇಳಿ, ಲೋಟದ ನೀರಿನೊಳಗೆ ಹಿಂಡಿ ಗಾಳಿ ಬಿಡಿಸಿ, ಕೈ ಬಿಡಿ. ಮುಳುಗಿದರೆ ಅದು ನೈಲಾನ್ ಅಥವಾ ಪಾಲಿಯೆಸ್ಟರ್, ಬಿಟ್ಟು ಬನ್ನಿ. ತೇಲಿದರೆ ಅದೇ ಅಂತ ಖಾತ್ರಿಯಲ್ಲ, ಯಾಕೆಂದರೆ ಪಾಲಿಪ್ರೊಪಿಲೀನ್ ಕೂಡ ತೇಲುತ್ತದೆ. ಆದರೆ ಅದು ಗಡುಸು, ಮೇಣದಂಥ ನುಣುಪು ಇರುವುದಿಲ್ಲ. ಜೊತೆಗೆ ಎಷ್ಟು ಭಾರಕ್ಕೆ ಹರಿಯುತ್ತದೆ ಅಂತ ಬರೆದ ಚೀಟಿ ಕೇಳಿ. ಚೀಟಿ ಇಲ್ಲದ ಹಗ್ಗ ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ.

ಸಿಂಥೆಟಿಕ್ ಹಗ್ಗಕ್ಕೆ ಆಗದ ವಿಷಯ ಬಿಸಿ. ಈ ಎಳೆ 145 ಡಿಗ್ರಿ ಆಸುಪಾಸಿನಲ್ಲಿ ಕರಗುತ್ತದೆ. ಅದಕ್ಕಿಂತ ಎಷ್ಟೋ ಮೊದಲೇ, 70 ಡಿಗ್ರಿ ದಾಟಿದ ಮೇಲೆ, ನಂಬುವ ಹಾಗಿಲ್ಲ. ಈ ದರ್ಜೆಯ ಬಹಳಷ್ಟು ವಿಂಚ್‌ಗಳಲ್ಲಿ ಬ್ರೇಕ್ ಡ್ರಮ್ಮಿನ ಒಳಗೇ ಇರುತ್ತದೆ. ಭಾರ ಇರುವಾಗ ಮೋಟಾರಿನಿಂದ ಹಗ್ಗ ಹೊರಗೆ ಬಿಟ್ಟರೆ ಬ್ರೇಕ್ ಕಾಯುತ್ತದೆ, ಡ್ರಮ್ ಕಾಯುತ್ತದೆ, ಒಳಗಿನ ಪದರ ಸುಟ್ಟುಕೊಳ್ಳುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಹಾಗಾಗಿ ಹಗ್ಗ ಬಿಡುವಾಗ ವಿಂಚಿನ ಕ್ಲಚ್ ಬಿಡಿಸಿ ಕೈಯಿಂದ ಎಳೆದುಕೊಳ್ಳಿ. ಗಾಡಿಯನ್ನು ಇಳಿಜಾರಿನಲ್ಲಿ ವಿಂಚ್ ಮೇಲೆ ಇಳಿಸಬೇಡಿ. ಮೊದಲ ಪದರಕ್ಕೆ ಬಿಸಿ ತಡೆಯುವ ಕವಚ ಇರುವ ಹಗ್ಗ ಸಿಕ್ಕರೆ ಅದನ್ನೇ ತಗೊಳ್ಳಿ. ಎಳೆದು ಮುಗಿದು ಭಾರ ಇಳಿದ ಮೇಲೆ ಡ್ರಮ್ಮಿನ ಪಕ್ಕಕ್ಕೆ ಕೈ ಇಡಿ. ಐದು ಎಣಿಸುವ ತನಕ ಕೈ ಇಡಲಾಗದಿದ್ದರೆ ಅರ್ಧ ಗಂಟೆ ಬಿಡಿ.

ಹಾಸ್ ಫೇರ್‌ಲೀಡ್ ಆರಿಸುವಾಗ ಬಣ್ಣ ನೋಡಬೇಡಿ, ಅಂಚು ನೋಡಿ. ಅಂಚು ಎಷ್ಟು ಅಗಲವಾಗಿ ತಿರುಗುತ್ತದೋ ಹಗ್ಗಕ್ಕೆ ಅಷ್ಟು ಸುಖ. ತೆಳ್ಳಗಿನ ತಗಡಿನಂಥ ಹಾಸ್‌ಗಳು ಬರುತ್ತವೆ, ಅವುಗಳಲ್ಲಿ ಹಗ್ಗ ಓರೆಯಾದಾಗ ಚಾಕುವಿನ ಬೆನ್ನಿನ ಮೇಲೆ ಮಡಚಿದಂತೆ ಆಗುತ್ತದೆ. ನಿಮ್ಮ ವಿಂಚಿನ ಫೇರ್‌ಲೀಡಿನ ಎರಡು ಬೋಲ್ಟ್ ತೂತುಗಳ ನಡುವೆ ಸಾಮಾನ್ಯವಾಗಿ 254 ಮಿ.ಮೀ. ಇರುತ್ತದೆ. ಟೇಪ್ ಹಿಡಿದು ಅಳೆದೇ ಆರ್ಡರ್ ಕೊಡಿ, ಚಿಕ್ಕ ಎಟಿವಿ ಗಾಡಿಗಳ ಅಳತೆ ಬೇರೆ. ಬೋಲ್ಟಿನ ತಲೆಯ ಮೇಲೆ 8.8 ಅಂತ ಅಚ್ಚಾಗಿರಲಿ. ಬೆಳಗಾವಿಯಲ್ಲಿ ಫೌಂಡ್ರಿ, ಲೇತ್ ಅಂಗಡಿಗಳಿಗೆ ಕೊರತೆ ಇಲ್ಲ, ಅಲ್ಲೇ ಒಂದು ಹಾಸ್ ಮಾಡಿಸುತ್ತೇನೆ ಅನ್ನುವವರಿದ್ದಾರೆ. ಮಾಡಿಸಬಹುದು. ನಾನು ಉಕ್ಕಿನದ್ದನ್ನು ಮಾಡಿಸಿ ಬಳಸಿದ್ದೇನೆ, ಚೆನ್ನಾಗಿದೆ. ಹತ್ತಿ ಪರೀಕ್ಷೆ ಪಾಸಾಗುವ ತನಕ ಪಾಲಿಶ್ ಮಾಡಿಸಬೇಕು, ತುಕ್ಕು ಬರದಂತೆ ನೋಡಿಕೊಳ್ಳಬೇಕು ಅಷ್ಟೇ.

ಹುಕ್ಕಿನ ಜಾಗದಲ್ಲಿ ಹಗ್ಗದ ಕಣ್ಣಿಗೆ, ಅಂದರೆ ತುದಿಯ ಕುಣಿಕೆಗೆ, ಥಿಂಬಲ್ (ಒಳಗೆ ಕೂರುವ ಲೋಹದ ಬಳೆ) ಇರಲೇಬೇಕು. ಗಂಟು ಹಾಕಿ ಹುಕ್ ಕಟ್ಟಬೇಡಿ, ಗಂಟು ಬಿದ್ದ ಕಡೆ ಹಗ್ಗದ ಬಲ ಅರ್ಧಕ್ಕರ್ಧ ಹೋಗುತ್ತದೆ. ಹರಿದ ಹಗ್ಗವನ್ನೂ ಗಂಟಿನಿಂದ ಅಲ್ಲ, ಒಂದರೊಳಗೆ ಒಂದು ತೂರಿಸಿ ಹೆಣೆದೇ ಸೇರಿಸಬೇಕು. 10 ಮಿ.ಮೀ. ಹಗ್ಗಕ್ಕೆ ಒಳಗೆ ಹೋಗುವ ತುದಿ 72 ಸೆಂ.ಮೀ. ಇರಬೇಕು, ಅಂದರೆ ಒಂದೂವರೆ ಮೊಳಕ್ಕಿಂತ ತುಸು ಜಾಸ್ತಿ. ಇದು ಕಷ್ಟದ ಕೆಲಸವಲ್ಲ, ಒಂದು ಸಂಜೆ ಕೂತರೆ ಬರುತ್ತದೆ. ಪುಲ್ಲಿ ಇಲ್ಲದೆ ನೇರ ಎಳೆಯಲು ಶ್ಯಾಕಲ್ ತಗೊಳ್ಳುವಾಗ ಮುಕ್ಕಾಲು ಇಂಚಿನದು, 4.75 ಟನ್ ಅಂತ ಅಚ್ಚಾಗಿರುವುದು ಇರಲಿ. ಪುಲ್ಲಿ ಕಟ್ಟುವ ಜಾಗಕ್ಕೆ ಮೊದಲೇ ಹೇಳಿದಂತೆ ದುಪ್ಪಟ್ಟು ಭಾರ ತಡೆಯುವುದೇ ಬೇಕು.

ನಿಮ್ಮ ಕಡೆ ಇನ್ನೊಂದು ತಾಪತ್ರಯ ಇದೆ. ಖಾನಾಪುರದಲ್ಲಿ ಎಲ್ಲಿ ಸಿಕ್ಕಿಕೊಂಡರೂ ಮರ ಇರುತ್ತದೆ. ಅಗಲ ಪಟ್ಟಿ ಸುತ್ತಿ ಕಟ್ಟಿದರೆ ಆಯಿತು. ಹಗ್ಗವನ್ನೇ ಮರಕ್ಕೆ ಸುತ್ತಿ ಹುಕ್ಕನ್ನು ಅದೇ ಹಗ್ಗಕ್ಕೆ ಹಾಕಬಾರದು, ಮರವೂ ಹೋಗುತ್ತದೆ, ಹಗ್ಗವೂ ಹೋಗುತ್ತದೆ. ಡೋಣಿ ಬಯಲಿನಲ್ಲಿ ಕಣ್ಣು ಹಾಯುವಷ್ಟು ದೂರ ಒಂದು ಗಟ್ಟಿ ಮರ ಇರುವುದಿಲ್ಲ. ಅಲ್ಲಿ ಸ್ಟೆಪ್ನಿಯೇ ಮರ. ಗಾಡಿಯಿಂದ ದೂರ, ಗಟ್ಟಿ ಜಾಗದಲ್ಲಿ ಮೂರು ಅಡಿ ಆಳದ ಗುಂಡಿ ತೋಡಿ. ಸ್ಟೆಪ್ನಿಯ ನಡುವೆ ಪಟ್ಟಿ ತೂರಿಸಿ, ಗಾಡಿಗೆ ಮುಖ ಮಾಡಿ ನಿಲ್ಲಿಸಿ. ಪಟ್ಟಿ ಹೊರಬರಲು ಸಣ್ಣ ಓರೆ ಕಾಲುವೆ ತೆಗೆದು ಮಣ್ಣು ತುಂಬಿ ತುಳಿಯಿರಿ. ಬೆವರು ಹರಿಯುತ್ತದೆ, ಆದರೆ ನಿಲ್ಲುತ್ತದೆ.

ಟ್ರ್ಯಾಕ್ಟರ್ ಸಿಕ್ಕರೆ ಇನ್ನೂ ಒಳ್ಳೆಯದು. ನಮ್ಮ ಕಡೆಯ ಡ್ರೈವರ್‌ಗಳು ಒಳ್ಳೆಯ ಮನಸ್ಸಿನವರು, "ನೀವ್ ಸುಮ್ನ ಕುಂದರ್ರಿ ಸರ, ನಾ ಒಂದ್ ಜಗ್ಗಿಗೆ ತೆಗೀತೀನಿ" ಅಂತ ಮುಂದೆ ಬರುತ್ತಾರೆ. ಅವರಿಗೆ ಕೈ ಮುಗಿದು ಕೇಳಿಕೊಳ್ಳಿ. ಟ್ರ್ಯಾಕ್ಟರ್ ಗಟ್ಟಿ ನೆಲದಲ್ಲಿ ಬ್ರೇಕ್ ಹಾಕಿ ನಿಂತಿರಲಿ, ಎಳೆಯುವುದು ವಿಂಚ್ ಮಾತ್ರ. ಸಿಂಥೆಟಿಕ್ ಹಗ್ಗ ಹಿಗ್ಗುವುದು ಬಹಳ ಕಡಿಮೆ. ಜಗ್ಗಿದರೆ ಆ ಏಟು ಪೂರ್ತಿ ವಿಂಚಿನ ಗೇರಿಗೂ ಬೋಲ್ಟಿಗೂ ಬೀಳುತ್ತದೆ. ಹಗ್ಗವನ್ನು ಟ್ರ್ಯಾಕ್ಟರಿನ ಕೆಳಗಿನ ಎಳೆಗೊಕ್ಕೆಗೇ ಹಾಕಿ, ಮೇಲೆ ಎಲ್ಲೂ ಬೇಡ.

ಇನ್ನು ಜಾಲಿ ಬೊಡ್ಡೆ. ಇದು ನೆಲಕ್ಕೆ ಉಜ್ಜುವ ಕೆಲಸ. ಕಲ್ಲು, ಬೇರು, ಮುಳ್ಳು ಎಲ್ಲ ತಾಗುತ್ತವೆ. ಇದನ್ನೇ ದಿನಾ ಮಾಡುವವರಿಗೆ ನಾನು ತಂತಿ ಹಗ್ಗ, ರೋಲರ್ ಜೋಡಿಯನ್ನೇ ಹೇಳುತ್ತೇನೆ, ಚರ್ಮದ ಗ್ಲೌಸ್ ಜೊತೆಗೆ. ವರ್ಷಕ್ಕೆ ಒಂದೆರಡು ಸಲದ ಕೆಲಸಕ್ಕೆ ಅದು ಬೇಡ. ಬೊಡ್ಡೆಗೆ ಎರಡು ಮಾರು ಉದ್ದದ ಗಟ್ಟಿ ಸರಪಳಿ ಸುತ್ತಿ, ಹಗ್ಗವನ್ನು ಸರಪಳಿಯ ತುದಿಗೆ ಹಾಕಿ. ನೆಲಕ್ಕೆ ಉಜ್ಜುವುದೇನಿದ್ದರೂ ಸರಪಳಿ ಉಜ್ಜಲಿ. ಬೇರುಗಳನ್ನು ಮೊದಲು ಕೊಡಲಿಯಿಂದ ಕಡಿಯಿರಿ. ಗಟ್ಟಿಯಾಗಿ ನಿಂತ ಬೊಡ್ಡೆಯನ್ನು ವಿಂಚಿನಿಂದ ಕೀಳಲು ಹೋಗಬೇಡಿ, ಪೂರ್ತಿ ಭಾರದಲ್ಲಿ ಈ ಮೋಟಾರ್ ಸುಮಾರು 400 ಆಂಪಿಯರ್ ಎಳೆಯುತ್ತದೆ. ಅಂಥದ್ದಕ್ಕೆ ಜೆಸಿಬಿಯೇ ಸರಿ.

ಕೆಸರಿನ ಕೆಲಸ ಮುಗಿದ ಮೇಲೆ ಹಗ್ಗವನ್ನು ಪೂರ್ತಿ ಬಿಚ್ಚಿ, ದೊಡ್ಡ ಬಕೆಟ್ ನೀರಿನಲ್ಲಿ ನೆನೆಸಿ, ಬಟ್ಟೆ ಹಿಂಡಿದ ಹಾಗೆ ಕೈಯಿಂದ ಹಿಂಡಿ ತೊಳೆಯಿರಿ. ಎರೆಮಣ್ಣು ಬೇಗ ಬಿಡುತ್ತದೆ. ಬಾದಾಮಿ ಕಡೆಯ ಮರಳು, ಹೊಳೆ ದಂಡೆಯ ಮರಳು ಎಳೆಗಳ ನಡುವೆ ಕೂತು ಒಳಗಿನಿಂದ ಕೊರೆಯುತ್ತದೆ, ಅಲ್ಲಿಗೆ ಹೋಗಿ ಬಂದರೆ ಎರಡು ಮೂರು ನೀರು ಬೇಕು. ಪ್ರೆಶರ್ ಪೈಪನ್ನು ಹತ್ತಿರ ಹಿಡಿದು ಹೊಡೆಯಬೇಡಿ, ಮರಳು ಇನ್ನೂ ಒಳಗೆ ಹೋಗುತ್ತದೆ. ನೆರಳಲ್ಲಿ ಒಣಗಿಸಿ. ನಿಮ್ಮ ಕಡೆಯ ಬೇಸಿಗೆಯ ಬಿಸಿಲಿಗೆ ವಿಂಚ್ ಮೇಲೆ ಒಂದು ತಾಡಪತ್ರಿ ಚೀಲ ಹೊಲಿಸಿ ಹಾಕಿ.

ಒಂದು ಮಾತು ಕಾನೂನಿನದು. ಮುಂದೆ ಅಡ್ಡ ಕಬ್ಬಿಣ ಕಟ್ಟಿದ ಬಂಪರ್‌ಗಳ ಮೇಲೆ ಕ್ರಮ ಕೈಗೊಳ್ಳಿ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಬರೆದಿದೆ. ವಿಂಚ್ ಕೂರಿಸುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ನಂಬರ್ ಪ್ಲೇಟ್ ಮುಚ್ಚಬಾರದು. ಭೀಮಗಡ ಅಭಯಾರಣ್ಯದ ಕಡೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ದಾರಿ ಬಿಟ್ಟು ಗಾಡಿ ಇಳಿಸಬೇಡಿ.

ಹೊಸ ಹಗ್ಗ ಬಂದ ಮೇಲೆ ಅದನ್ನು ಸುಮ್ನೆ ಸುತ್ತಿಕೊಂಡು ಹೊರಡಬೇಡಿ. ಸಡಿಲವಾಗಿ ಸುತ್ತಿದ ಹಗ್ಗ ಭಾರ ಬಿದ್ದಾಗ ಕೆಳಗಿನ ಪದರದೊಳಗೆ ಹೂತು ಸಿಕ್ಕಿಕೊಳ್ಳುತ್ತದೆ. ಮೊದಲು ಡ್ರಮ್ಮಿನ ಮೇಲೆ ಹತ್ತು ಸುತ್ತು ಸುತ್ತಿ, ಅಲ್ಲಿ ಹಗ್ಗಕ್ಕೆ ಕೆಂಪು ಬಣ್ಣ ಹಚ್ಚಿ. ಈ ಹಗ್ಗ ನುಣ್ಣಗಿರುವುದರಿಂದ ಭಾರವನ್ನು ಹಿಡಿಯುವುದು ಆ ಹತ್ತು ಸುತ್ತುಗಳೇ, ಡ್ರಮ್ಮಿನ ಸಣ್ಣ ಬೋಲ್ಟ್ ಅಲ್ಲ. ಕೆಂಪು ಕಂಡರೆ ಅದಕ್ಕಿಂತ ಹೊರಗೆ ಬಿಡಬಾರದು. ಆಮೇಲೆ ತುಸು ಏರು ಇರುವ ಖಾಲಿ ರಸ್ತೆ ನೋಡಿ. ಹಗ್ಗದ ತುದಿಯನ್ನು ಮೇಲೆ ಗಟ್ಟಿ ಮರಕ್ಕೆ ಪಟ್ಟಿ ಹಾಕಿ ಕಟ್ಟಿ. ಗಾಡಿಯೊಳಗೆ ಒಬ್ಬರು ಕೂತು ಬ್ರೇಕನ್ನು ಸ್ವಲ್ಪವೇ ಒತ್ತಿ ಹಿಡಿದಿರಲಿ. ನೀವು ದೂರ ನಿಂತು ರಿಮೋಟಿನಿಂದ ಎಳೆಸಿ. ಎರಡು ಮೀಟರ್ ಬಂದಾಗೊಮ್ಮೆ ನಿಲ್ಲಿಸಿ, ಸುತ್ತುಗಳು ಒಂದರ ಪಕ್ಕ ಒಂದು ಒತ್ತಾಗಿ ಕೂತಿವೆಯಾ ನೋಡಿ. ಕೊನೆಯ ಒಂದು ಮಾರು ಹಗ್ಗವನ್ನು ರಿಮೋಟಿನ ಗುಂಡಿ ಬಿಟ್ಟು ಬಿಟ್ಟು ಒತ್ತುತ್ತಾ ಒಳಗೆ ತಗೊಳ್ಳಿ. ಹುಕ್ ಬಂದು ಹಾಸ್‌ಗೆ ಬಡಿದರೆ ಅಲ್ಲೊಂದು ಮುಳ್ಳು ಏಳುತ್ತದೆ, ಮತ್ತೆ ಹತ್ತಿ ಹಿಡಿದು ಕೂರಬೇಕಾಗುತ್ತದೆ.